ಹಲ್ಲತ್ತೆ ಮತ್ತು ಐದು ಪತ್ರಗಳು

ನನ್ನ ನಾದಿನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಹಲ್ಲು ನೆನಪಿರುತ್ತದೆ. ದಾರಿಯಲ್ಲಿ ಯಾರಾದರೂ ನಿಲ್ಲಿಸಿ ಚೆನ್ನಾಗಿದ್ದೀರಾ ಎಂದು ಕೇಳಿದರೆ ಕಕ್ಕಾಬಿಕ್ಕಿಯಾಗಿ ನೋಡುತ್ತಾಳೆ. ಅವರು ನಕ್ಕ ಮೇಲೆ, "ಓ, ನೀವಾ. ಮೇಲ್ಗಡೆ ಎಡಕ್ಕೆ ಎರಡನೇದು ಸೊಟ್ಟ," ಎಂದು ಗುರುತು ಹಿಡಿಯುತ್ತಾಳೆ. ಮೂವತ್ತೊಂದು ವರ್ಷದಿಂದ ಹಲ್ಲಿನ ಸೆಟ್ ಮಾಡುವುದೇ ಅವಳ ಕಸುಬು. ಡಾಕ್ಟರುಗಳು ರೋಗಿಯ ಬಾಯಿಯ ಅಳತೆ ತೆಗೆದು ಅಚ್ಚನ್ನು ಡಬ್ಬಿಯಲ್ಲಿಟ್ಟು ಕಳಿಸುತ್ತಾರೆ. ಇವಳು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಸೆಟ್ ಮಾಡಿ ವಾಪಸು ಕಳಿಸುತ್ತಾಳೆ. ಬೀದಿಯವರೆಲ್ಲ ಅವಳನ್ನು ಹಲ್ಲತ್ತೆ ಎನ್ನುತ್ತಾರೆ. ಅವಳ ಅಣ್ಣನನ್ನು, ಅಂದರೆ ನನ್ನ ಗಂಡನನ್ನು, ಯಾರೂ ಹಲ್ಲುಮಾವ ಎನ್ನುವುದಿಲ್ಲವಲ್ಲ, ಅದೇ ಪುಣ್ಯ.

ನಮ್ಮ ಮನೆಯ ಕೆಳಗಿನ ಕೋಣೆಯೇ ಅವಳ ಕಾರ್ಖಾನೆ. ಕಿಟಕಿಯ ಕೆಳಗೆ ಉದ್ದನೆಯ ಮೇಜು, ಅದರ ಮೇಲೆ ಸ್ಪಿರಿಟ್ ದೀಪ, ಮೇಣದ ಚಾಕುಗಳು, ಸೆಟ್ಟಿನ ಕೊಕ್ಕೆಗೆ ಬೇಕಾದ ತಂತಿಯ ಸುರುಳಿ. ಗೋಡೆ ತುಂಬ ಹಲಗೆ, ಹಲಗೆ ತುಂಬ ಪ್ಲಾಸ್ಟರಿನ ಬಾಯಿಗಳು. ಒಂದೊಂದರ ಬುಡದಲ್ಲೂ ಪೆನ್ಸಿಲಿನಲ್ಲಿ ಅದರ ಒಡೆಯ ಯಾರೆಂದು ಬರೆದಿರುತ್ತದೆ: ದರ್ಜಿ, ಬಸ್ಸಿನ ಡ್ರೈವರು, ಮೂಲೆಮನೆ ಅಜ್ಜಿ. ಎರಡು ಕೈಯೂ ಕೆಲಸದಲ್ಲಿದ್ದಾಗ ತಂತಿಯ ತುಂಡನ್ನು ಎಡದವಡೆಯಲ್ಲಿ ಕಚ್ಚಿಕೊಂಡಿರುತ್ತಾಳೆ. ಹಾಗಾಗಿ ದಿನದ ಅರ್ಧ ಹೊತ್ತು ಬಾಯಿಯ ಬಲಗಡೆಯಿಂದ ಮಾತ್ರ ಮಾತಾಡುತ್ತಾಳೆ. ಅರ್ಧ ಬಾಯಿಯಲ್ಲೇ ಇಷ್ಟು, ಪೂರ್ತಿ ಬಾಯಿ ತೆರೆದರೆ ದೇವರೇ ಗತಿ.

ಅವಳ ಕೋಪ ಡಾಕ್ಟರುಗಳ ಮೇಲೆ. ಅಳತೆ ಕೆಟ್ಟದಾಗಿದ್ದರೆ ಡಬ್ಬಿಯೊಳಗೆ ಒಂದು ಚೀಟಿ ಇಟ್ಟು ತಿರುಗಿ ಕಳಿಸಿಬಿಡುತ್ತಾಳೆ: "ಇದು ಬಾಯಿಯೋ ಗುಹೆಯೋ? ಮತ್ತೆ ತೆಗೆಯಿರಿ." ದೊಡ್ಡ ಡಾಕ್ಟರು, ಚಿಕ್ಕ ಡಾಕ್ಟರು ಎಂಬ ಭೇದವಿಲ್ಲ. ಅಳತೆ ಚೆನ್ನಾಗಿದ್ದರೆ ಚೀಟಿಯೇ ಇಲ್ಲ. ಅಷ್ಟು ವರ್ಷದಲ್ಲಿ ಒಬ್ಬರಿಗೂ ಹೊಗಳಿ ಚೀಟಿ ಬರೆದವಳಲ್ಲ. "ಸರಿಯಾಗಿ ಮಾಡೋದು ಅವರ ಕೆಲಸ, ಅದಕ್ಕೇನು ಹೊಗಳೋದು," ಎನ್ನುತ್ತಾಳೆ.

ಮತ್ತೊಂದು ಹಠವಿದೆ. ಅವಳು ಯಾರಿಗೂ ಥಳಥಳ ಹೊಳೆಯುವ ಹೊಸ ಹಲ್ಲು ಮಾಡಿಕೊಡುವುದಿಲ್ಲ. ಎಪ್ಪತ್ತು ವರ್ಷದ ಮುಖಕ್ಕೆ ಇಪ್ಪತ್ತು ವರ್ಷದ ಹಲ್ಲು ಹಾಕಿದರೆ ನೋಡಿದವರಿಗೆಲ್ಲ ಗೊತ್ತಾಗಿಬಿಡುತ್ತದೆ ಎಂಬುದು ಅವಳ ವಾದ. ಹಳೆಯ ಫೋಟೋ ತರಿಸಿಕೊಂಡು, ತುದಿಗಳನ್ನು ಸ್ವಲ್ಪ ಸವೆಸಿ, ಎಲ್ಲೋ ಒಂದು ಸಣ್ಣ ಬಿರುಕು, ಎಲ್ಲೋ ಒಂದು ಓರೆ ಉಳಿಸಿ, ಅವರ ಹಲ್ಲನ್ನೇ ಅವರಿಗೆ ಮರಳಿಸುತ್ತಾಳೆ. ಮೂಲೆಮನೆ ಅಜ್ಜಿ ಸೆಟ್ ಹಾಕಿಕೊಂಡು ಕನ್ನಡಿ ನೋಡಿ, "ಅಯ್ಯೋ, ನನ್ನ ಸೊಟ್ಟ ಹಲ್ಲು ಬಂತಲ್ಲೇ," ಎಂದು ಅತ್ತೇಬಿಟ್ಟಿತ್ತು.

ಈ ಕೋಣೆಯಲ್ಲಿ ಬೆಳೆದವಳು ನನ್ನ ಮಗಳು. ಏಳನೆಯ ವಯಸ್ಸಿಗೇ ಎತ್ತರದ ಸ್ಟೂಲು ಹತ್ತಿ ಕೂತು ಮೇಣ ಕೊರೆಯುತ್ತಿದ್ದಳು. ಪದವಿ ಮುಗಿಸಿದ್ದೇ ತಡ, ಹಲ್ಲಿನ ಡಾಕ್ಟರಾಗುತ್ತೇನೆ ಎಂದಳು. ನಮ್ಮ ಕಡೆ ಇದ್ದ ಒಂದೇ ಕಾಲೇಜಿನಲ್ಲಿ ಸೀಟು ಸಿಗಲಿಲ್ಲ. ಹಾಗಾದರೆ ಹೊರದೇಶಕ್ಕೆ ಅರ್ಜಿ ಹಾಕುತ್ತೇನೆ ಎಂದು ಹೊರಟಳು. ಹೋದ ವರ್ಷ ಕಣ್ಣುಮುಚ್ಚಿ ಒಂಬತ್ತು ಕಾಲೇಜಿಗೆ ಅರ್ಜಿ ಹಾಕಿ, ಒಂಬತ್ತರಿಂದಲೂ ಇಲ್ಲ ಎನಿಸಿಕೊಂಡಳು. ಆಮೇಲೆ ನೋಡಿದರೆ ಅವುಗಳಲ್ಲಿ ಆರು ಕಾಲೇಜುಗಳು ಹೊರದೇಶದವರನ್ನು ಯಾವತ್ತೂ ತೆಗೆದುಕೊಂಡೇ ಇರಲಿಲ್ಲ. ಪ್ರವೇಶ ಪರೀಕ್ಷೆಯ ಅಂಕ ಎರಡು ವರ್ಷ ಮಾತ್ರ ಚಾಲ್ತಿ. ಒಂದು ವರ್ಷ ಹೀಗೆ ನೀರುಪಾಲಾಯಿತು. ಉಳಿದದ್ದು ಇದೊಂದೇ ವರ್ಷ.

ನಾನು ಒಂದು ಶಾಲೆಯ ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಗುಮಾಸ್ತೆ. ಅರ್ಜಿ ತೆಗೆದುಕೊಳ್ಳುವುದು, ಅರ್ಜಿ ತಿರಸ್ಕರಿಸುವುದು, ಇದೇ ನನ್ನ ಕೆಲಸ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ನನ್ನನ್ನೊಂದು ಮಾತು ಕೇಳದೆ ಒಂಬತ್ತು ಅರ್ಜಿ ಹಾಕಿದ್ದು ನನಗೆ ಇವತ್ತಿಗೂ ಸಿಟ್ಟು. ಈ ಸಲ ಟೊಂಕ ಕಟ್ಟಿ ನಾನೇ ಕೂತೆ. ನಲವತ್ತೆರಡು ಕಾಲೇಜುಗಳ ಪಟ್ಟಿ ಮಾಡಿ, ಗೀಟು ಎಳೆದು, ಅಂಕಣ ಹಾಕಿದೆ.

ಅಷ್ಟರಲ್ಲಿ ಹಲ್ಲತ್ತೆಗೆ ಡಬ್ಬಿ ಕಳಿಸುವ ಮುದಿ ಡಾಕ್ಟರೊಬ್ಬರು ಒಂದು ಕಲ್ಲು ಹಾಕಿದರು. ನನ್ನ ಮಗಳು ಎರಡು ವರ್ಷದಿಂದ ಅವರ ಕ್ಲಿನಿಕ್ಕಿನಲ್ಲಿ ನಿಂತು ಕೆಲಸ ನೋಡುತ್ತಿದ್ದಳು. ಶಿಫಾರಸು ಪತ್ರ ಅವರೇ ಬರೆಯಬೇಕು. ಅವರು ಬರೆಯುವುದು ಕೈಯಲ್ಲಿ, ಶಾಯಿಯಲ್ಲಿ, ಒಂದೊಂದು ಕಾಲೇಜಿಗೂ ಬೇರೆ ಬೇರೆ.

"ಐದು ಬರೀತೀನಮ್ಮ, ಅಷ್ಟೇ," ಎಂದರು. "ಕೈ ನಡುಗುತ್ತೆ."

"ಒಂದೇ ಬರೆದುಬಿಡಿ ಡಾಕ್ಟ್ರೇ, ನಕಲು ತೆಗೆದು ಎಲ್ಲಾ ಕಡೆ ಕಳಿಸೋಣ," ಎಂದೆ ನಾನು.

"ಹೋದ ವರ್ಷ ಹಾಗೇ ಮಾಡಿ ಏನಾಯ್ತು? ಒಂದೇ ಸೆಟ್ಟನ್ನ ಒಂಬತ್ತು ಬಾಯಿಗೆ ಹಾಕಿದ ಹಾಗಾಯ್ತು."

ನಲವತ್ತೆರಡರಲ್ಲಿ ಐದನ್ನು ಆರಿಸಬೇಕು. ಐದೂ ತಪ್ಪಿದರೆ ಹುಡುಗಿಯ ಕಥೆ ಅಲ್ಲಿಗೆ ಮುಗಿಯಿತು.

ಮೊದಲ ಜರಡಿ ನನ್ನದು. ಎಲ್ಲ ಕಾಲೇಜಿನ ಕಚೇರಿಗೂ ಮಗಳ ಕೈಯಲ್ಲಿ ಪತ್ರ ಬರೆಸಿದೆ. "ಹೊರದೇಶದವರನ್ನ ತಗೋತೀರಾ ಅಂತ ಕೇಳಬೇಡ," ಎಂದೆ. "ಹಾಗೆ ಕೇಳಿದ್ರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಉತ್ತರ ಬರುತ್ತೆ. ನಾನೂ ಅದನ್ನೇ ಮಾಡ್ತೀನಿ. ಹೋದ ವರ್ಷ ಎಷ್ಟು ಜನರನ್ನ ತಗೊಂಡ್ರಿ, ಅವರು ಎಲ್ಲಿಂದ ಬಂದವರು ಅಂತ ಕೇಳು."

ಉತ್ತರಗಳು ಬಂದವು. "ಎಲ್ಲರಿಗೂ ಸ್ವಾಗತ" ಎಂದು ದೊಡ್ಡಕ್ಷರದಲ್ಲಿ ಬರೆದುಕೊಂಡ ಕಾಲೇಜುಗಳು ಹೋದ ವರ್ಷ ತೆಗೆದುಕೊಂಡದ್ದು ಸೊನ್ನೆ. ಕೆಲವರು ಅಲ್ಲಿಯೇ ನೆಲೆ ನಿಂತವರನ್ನಷ್ಟೇ ಹೊರದೇಶದವರೆಂದು ಎಣಿಸುತ್ತಿದ್ದರು. ಕೆಲವರಿಗೆ ಅಲ್ಲಿನ ಪದವಿಯೇ ಬೇಕು. ನಾನು ಗೀಟು ಹೊಡೆಯುತ್ತಾ ಹೋದೆ. ನಲವತ್ತೆರಡು ಹನ್ನೊಂದಕ್ಕೆ ಇಳಿಯಿತು. ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ, ಆಗ ಹಲ್ಲತ್ತೆ ಮೇಲೆ ಬಂದಳು.

"ಫೋಟೋ ತೋರಿಸು ಪುಟ್ಟಿ," ಎಂದಳು ಮಗಳಿಗೆ.

"ಯಾವ ಫೋಟೋ ಅತ್ತೆ?"

"ಆ ಕಾಲೇಜಿನವರು ಹಾಕ್ಕೊಂಡಿರ್ತಾರಲ್ಲ, ಹುಡುಗರು ಕೆಲಸ ಮಾಡ್ತಿರೋದು."

ಮಗಳು ಕಂಪ್ಯೂಟರಿನಲ್ಲಿ ಒಂದೊಂದೇ ತೆರೆದಳು. ಹಲ್ಲತ್ತೆ ಕಟ್ಟಡ ನೋಡಲಿಲ್ಲ, ಹುಲ್ಲುಹಾಸು ನೋಡಲಿಲ್ಲ. ವಿದ್ಯಾರ್ಥಿಗಳ ಬಲಗೈ ಮಾತ್ರ ನೋಡಿದಳು. ಬಾಯಿಯೊಳಗೆ ಕೆಲಸ ಮಾಡುವಾಗ ಉಂಗುರದ ಬೆರಳನ್ನು ಪಕ್ಕದ ಹಲ್ಲಿನ ಮೇಲೆ ಊರಿರಬೇಕು. ಊರದಿದ್ದರೆ ಕೈ ಜಾರುತ್ತದೆ, ಒಸಡು ಹರಿಯುತ್ತದೆ.

"ಇವನ ಬೆರಳು ಗಾಳಿಯಲ್ಲಿದೆ. ಇದು ಬೇಡ," ಎಂದಳು. "ಇಲ್ಲೂ ಗಾಳಿಯಲ್ಲಿದೆ. ಮೇಷ್ಟ್ರು ಹಿಂದೆ ನಿಂತು ಕ್ಯಾಮೆರಾಗೆ ಹಲ್ಲು ಕಿರೀತಿದಾರೆ. ಹುಡುಗನ ಕೈ ಯಾರೂ ನೋಡ್ತಿಲ್ಲ. ಇದೂ ಬೇಡ."

ನನಗೆ ಮೈಯೆಲ್ಲ ಉರಿಯಿತು. ಎರಡನೆಯದಾಗಿ ಅವಳು ಬೇಡವೆಂದದ್ದು ಇಡೀ ಪಟ್ಟಿಯಲ್ಲೇ ಹೆಸರುವಾಸಿಯಾದ ಕಾಲೇಜು. ಹೋದ ವರ್ಷ ಹೊರದೇಶದ ಎಂಟು ಮಂದಿಯನ್ನು ತೆಗೆದುಕೊಂಡಿತ್ತು.

"ಫೋಟೋದವರಿಗೆ ಪೋಸು ಕೊಟ್ಟಿದಾನೆ ಕಣೇ ಅವನು," ಎಂದೆ.

"ಪೋಸು ಕೊಡುವಾಗಲೂ ಬೆರಳು ಊರಬೇಕು ಅತ್ತಿಗೆ. ಮೂರನೇ ವರ್ಷದವನಿಗೆ ಅದು ತಾನಾಗೇ ಬರಬೇಕು. ಬರದಿದ್ರೆ ಕಲಿಸಿಲ್ಲ ಅಂತ ಅರ್ಥ."

ನಾಲ್ಕು ಕಾಲೇಜುಗಳ ವಿಷಯದಲ್ಲಿ ನಾವಿಬ್ಬರೂ ಹೇಗೋ ಒಂದಾದೆವು. ಐದನೆಯದಕ್ಕೆ ಜಗಳ ಹತ್ತಿತು. ನನ್ನದು ಆ ಹೆಸರುವಾಸಿ ಕಾಲೇಜು. ಅವಳದು ಯಾವುದೋ ಸಣ್ಣ ಕಾಲೇಜು. ಹೋದ ವರ್ಷ ಅದು ತೆಗೆದುಕೊಂಡದ್ದು ಇಬ್ಬರೇ ಇಬ್ಬರನ್ನು. ಅಲ್ಲಿನ ಫೋಟೋದಲ್ಲಿ ಬಿಳಿಗೂದಲಿನ ಮೇಡಂ ಒಬ್ಬರು ನೆಲಕ್ಕೆ ಮೊಣಕಾಲೂರಿ, ಕ್ಯಾಮೆರಾಕ್ಕೆ ಬೆನ್ನು ಹಾಕಿ, ಹುಡುಗಿಯ ಬೆರಳನ್ನೇ ನೋಡುತ್ತಿದ್ದರು.

"ಎಂಟು ದೊಡ್ಡದೋ ಎರಡು ದೊಡ್ಡದೋ?" ಎಂದೆ.

"ಎಂಟು ಜನ ಬೆರಳು ಊರದವರು," ಎಂದಳು.

ಮಗಳು ನಮ್ಮಿಬ್ಬರ ಮುಖ ನೋಡಿದಳು. ಒಂದು ದಿನ ಯೋಚನೆ ಮಾಡಿ, ಅತ್ತೆಯ ಕಾಲೇಜಿನ ಪಕ್ಕ ಗುರುತು ಹಾಕಿದಳು. ನಾನು ಎರಡು ದಿನ ಮುಖ ಊದಿಸಿಕೊಂಡೇ ಓಡಾಡಿದೆ. ಮೂರನೆಯ ದಿನ ನನಗೇ ಸಾಕಾಯಿತು. ಮುದಿ ಡಾಕ್ಟರು ಹದಿನೈದು ದಿನ ಕೂತು ಐದು ಪತ್ರ ಬರೆದುಕೊಟ್ಟರು.

ಆ ಸಣ್ಣ ಕಾಲೇಜಿನವರದು ಒಂದು ವಿಚಿತ್ರ ಬೇಡಿಕೆ ಇತ್ತು. ಅರ್ಜಿ ಹಾಕುವವರು ತಮ್ಮ ಕೈಯಿಂದಲೇ ಮೇಣದಲ್ಲಿ ಒಂದು ಕೆಳದವಡೆ ಹಲ್ಲು ಕೆತ್ತಿ, ನಾಲ್ಕು ಕಡೆಯಿಂದ ಫೋಟೋ ತೆಗೆದು ಕಳಿಸಬೇಕು. ಮಗಳು ಖುಷಿಯಿಂದ ಕುಣಿದಳು. ಎರಡು ಭಾನುವಾರ ಅತ್ತೆಗೆ ಬೆನ್ನು ಹಾಕಿ ಕೂತು ಕೆತ್ತಿದಳು. ಮುಗಿದ ಮೇಲೆ ಅಂಗೈ ಮೇಲಿಟ್ಟು ತೋರಿಸಿದಳು.

ಹಲ್ಲತ್ತೆ ಕನ್ನಡಕ ಏರಿಸಿ ತಿರುಗಿಸಿ ನೋಡಿದಳು. "ಚೆನ್ನಾಗಿದೆ. ಯಾರದ್ದು?"

"ನೀನೇ ಹೇಳು."

"ದರ್ಜಿದಾ? ಅಲ್ಲ, ಅವನದು ಇಷ್ಟು ಅಗಲ ಇಲ್ಲ. ಡ್ರೈವರದೂ ಅಲ್ಲ." ಹಲಗೆಯ ಮೇಲಿನ ಬಾಯಿಗಳನ್ನೆಲ್ಲ ಒಮ್ಮೆ ನೋಡಿದಳು. "ಇಲ್ಲಿ ಹೀಗೊಂದು ಗೀರು ಬಿದ್ದಿದೆ. ಎಲ್ಲೋ ನೋಡಿದೀನಿ ಅನ್ಸುತ್ತೆ. ಬಿಡು, ನೆನಪಾಗಲ್ಲ."

ಹಲ್ಲು ನೋಡಿ ಯಾರದೆಂದು ಹೇಳಲಾರದೆ ಅವಳು ಸೋತದ್ದನ್ನು ನಾನು ಕಂಡದ್ದು ಅದೇ ಮೊದಲು. ಅದನ್ನೇ ಹಿಡಿದು ಒಂದು ವಾರ ರೇಗಿಸಿದೆ. ಮಗಳು ಗುಟ್ಟು ಬಿಡಲಿಲ್ಲ. ಫೋಟೋಗಳು ಹೋದವು, ಅರ್ಜಿಗಳು ಹೋದವು.

ಹತ್ತು ದಿನ ಕಳೆದ ಮೇಲೆ ಮುದಿ ಡಾಕ್ಟರು ಯಾವುದೋ ಸೆಟ್ ವಿಚಾರಿಸಲು ಫೋನ್ ಮಾಡಿದವರು, ಹುಡುಗಿ ಯಾವ ಹಲ್ಲು ಕಳಿಸಿದಳು ನೋಡೋಣ ಎಂದರು. ಮಗಳು ಫೋಟೋ ಕಳಿಸಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಫೋನು.

"ಇದು ಐವತ್ತು ದಾಟಿದವರ ಹಲ್ಲಲ್ವೇನಮ್ಮ," ಎಂದರು ಹಲ್ಲತ್ತೆಗೆ. "ಕಾಲೇಜಿನವರು ಕೇಳೋದು ಪುಸ್ತಕದ ಹಲ್ಲು. ಆಗ ತಾನೇ ಮೂಡಿದ್ದು. ಐದು ತುದಿ ಚೂಪಾಗಿ ಎದ್ದು ಕಾಣಬೇಕು, ನಡುವೆ ಗೆರೆ ಸ್ಪಷ್ಟವಾಗಿರಬೇಕು. ಇದರಲ್ಲಿ ಎಲ್ಲಾ ಸವೆದುಹೋಗಿದೆ. ಹುಡುಗಿಗೆ ಹಲ್ಲಿನ ಆಕಾರವೇ ಗೊತ್ತಿಲ್ಲ ಅಂದುಕೊಂಡರೆ?"

ಹಲ್ಲತ್ತೆ ಫೋನ್ ಕೆಳಗಿಟ್ಟು ಸ್ಟೂಲಿನ ಮೇಲೆ ಕುಸಿದು ಕೂತಳು. ಬೇರೆ ಯಾವ ಮನೆಯ ಹುಡುಗಿಯೂ ಈ ತಪ್ಪು ಮಾಡುತ್ತಿರಲಿಲ್ಲ. ಪುಸ್ತಕ ತೆರೆದು ಚಿತ್ರ ನೋಡಿ ಕೆತ್ತಿ ಕಳಿಸುತ್ತಿದ್ದಳು. ನಮ್ಮವಳಿಗೆ ಹಲ್ಲು ಎಂದರೆ ಅರವತ್ತು ವರ್ಷ ಅಗಿದು ಸವೆದ ಹಲ್ಲು. ಪುಸ್ತಕ ತೆರೆಯಬೇಕು ಎಂದು ಅವಳಿಗೆ ಹೊಳೆದೇ ಇಲ್ಲ.

"ನನ್ನಿಂದ ಹೀಗಾಯ್ತು ಅತ್ತಿಗೆ," ಎಂದಳು ಹಲ್ಲತ್ತೆ. ಬಾಯಲ್ಲಿ ತಂತಿ ಇರಲಿಲ್ಲ, ಆದರೂ ದನಿ ಅರ್ಧವೇ ಬಂತು. "ಆ ಕಾಲೇಜನ್ನ ಹಿಡಿದು ಹಟ ಮಾಡಿದವಳೂ ನಾನೇ. ನಿಮ್ಮ ಮಾತು ಕೇಳಿದ್ರೆ ಆಗ್ತಿತ್ತು."

ನಾನು ಈ ಮನೆಗೆ ಬಂದ ಇಪ್ಪತ್ತನಾಲ್ಕು ವರ್ಷದಲ್ಲಿ ಅವಳು ನನ್ನ ಮಾತು ಸರಿ ಎಂದದ್ದು ಅದೇ ಮೊದಲು. ನನಗೆ ಎಳ್ಳಷ್ಟೂ ಖುಷಿಯಾಗಲಿಲ್ಲ.

"ಸುಮ್ನಿರೇ. ಇನ್ನೂ ನಾಲ್ಕು ಇವೆಯಲ್ಲ," ಎಂದೆ.

ಆ ನಾಲ್ಕರಲ್ಲಿ ಮೂರು ಒಂದೇ ತಿಂಗಳೊಳಗೆ ಇಲ್ಲ ಎಂದವು. ನಾಲ್ಕನೆಯದು ಕಾಯುವವರ ಪಟ್ಟಿಯಲ್ಲಿ ಇಟ್ಟಿದ್ದೇವೆ ಎಂದಿತು. ಕಾಯುವವರ ಪಟ್ಟಿ ಎಂದರೆ ಏನೆಂದು ನನಗೆ ಗೊತ್ತು, ವರ್ಷಾ ವರ್ಷ ಅದನ್ನು ಮಾಡುವವಳು ನಾನೇ. ನಯವಾಗಿ ಸಾಗಹಾಕುವ ಉಪಾಯ ಅದು. ಮಗಳು ಏನೂ ಆಗದವಳಂತೆ ನಗುನಗುತ್ತಾ ಓಡಾಡುತ್ತಿದ್ದಳು. ಆದರೆ ಊಟಕ್ಕೆ ಕೂತಾಗ ಅನ್ನ ಕಲಸಿ ಕಲಸಿ ಬಿಡುತ್ತಿದ್ದಳು.

ಅಷ್ಟರಲ್ಲಿ ಆ ಸಣ್ಣ ಕಾಲೇಜಿನಿಂದ ಸಂದರ್ಶನಕ್ಕೆ ಕರೆ ಬಂತು. ಕಂಪ್ಯೂಟರಿನ ಮುಂದೆ ಕೂತೇ ಮಾತಾಡಬೇಕು, ಬೆಳಿಗ್ಗೆ ಆರು ಗಂಟೆಗೆ. ಮೇಲಿನ ಮನೆಯಲ್ಲಿ ನನ್ನ ಗಂಡನ ಗೊರಕೆ ಕೇಳಿಸುತ್ತದೆ ಎಂದು ಕೆಳಗಿನ ಕೋಣೆಯಲ್ಲೇ ಏರ್ಪಾಡು ಮಾಡಿದೆವು. ಮಗಳ ಬೆನ್ನ ಹಿಂದೆ ಹಲಗೆಗಳು. ನಾನೂ ಹಲ್ಲತ್ತೆಯೂ ಕ್ಯಾಮೆರಾಕ್ಕೆ ಕಾಣದ ಹಾಗೆ ಮೂಲೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತೆವು. ಅವಳು ಸುಮ್ಮನೆ ಕೂರಲಾರದೆ ಒಂದು ಸೆಟ್ಟಿಗೆ ಕೊಕ್ಕೆ ಬಗ್ಗಿಸುತ್ತಿದ್ದಳು, ಎಂದಿನಂತೆ ತಂತಿ ಕಚ್ಚಿಕೊಂಡು. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ನಾನು ಪಿಸುದನಿಯಲ್ಲಿ ಹೇಳುತ್ತಾ ಹೋಗಬೇಕು ಎಂದು ಒಪ್ಪಂದವಾಗಿತ್ತು.

ಪರದೆಯ ಮೇಲೆ ಮೂವರು ಬಂದರು. ನಡುವೆ ಕೂತವರು ಅದೇ ಬಿಳಿಗೂದಲಿನ ಮೇಡಂ. ಓದು, ಅಂಕ, ಡಾಕ್ಟರ ಪತ್ರ, ಎಲ್ಲ ಆಯಿತು. ಕೊನೆಗೆ ಮೇಡಂ ಆ ಫೋಟೋವನ್ನು ಕೈಯಲ್ಲಿ ಎತ್ತಿ ಹಿಡಿದರು.

"ಹಲ್ಲಿನ ಮಾತು ಬಂತು," ಎಂದು ಪಿಸುಗುಟ್ಟಿದೆ. ಹಲ್ಲತ್ತೆ ನನ್ನ ಮಣಿಕಟ್ಟು ಹಿಡಿದಳು. ಇಕ್ಕಳ ಹಿಡಿದು ಹಿಡಿದು ಅವಳ ಹಿಡಿತವೂ ಇಕ್ಕಳವೇ.

"ಬಂದ ಎಲ್ಲಾ ಫೋಟೋದಲ್ಲೂ ಹೊಸ ಹಲ್ಲಿದೆಯಂತೆ. ಇದೊಂದು ಯಾಕೆ ಸವೆದಿದೆ ಅಂತ ಕೇಳ್ತಿದಾರೆ."

ಮಗಳು ನಿಧಾನವಾಗಿ ಹೇಳತೊಡಗಿದಳು. ನಾನು ತುಂಡು ತುಂಡಾಗಿ ದಾಟಿಸಿದೆ.

"ಹೊಸ ಹಲ್ಲು ಕೆತ್ತಬೇಕು ಅಂತ ಗೊತ್ತಾಗಲಿಲ್ಲ, ತಪ್ಪಾಯ್ತು ಅಂತಾಳೆ. ಬೇಕಿದ್ರೆ ಈಗಲೇ ಕೆತ್ತಿ ತೋರಿಸ್ತೀನಿ ಅಂತಾಳೆ. ನಾನು ಕಲಿತ ಕೋಣೆಯಲ್ಲಿ ಯಾರದ್ದೂ ಅಲ್ಲದ ಹಲ್ಲು ಒಂದೂ ಇರಲಿಲ್ಲ, ಅದಕ್ಕೆ ಹೀಗಾಯ್ತು ಅಂತಾಳೆ."

ಮೇಡಂ ಮುಂದಕ್ಕೆ ಬಾಗಿ ಏನೋ ಕೇಳಿದರು.

"ಹಾಗಾದ್ರೆ ಇದು ಯಾರದ್ದು ಅಂತ ಕೇಳ್ತಿದಾರೆ."

ಹಲ್ಲತ್ತೆಯ ಕಿವಿ ನಿಮಿರಿತು. ಎರಡು ತಿಂಗಳಿಂದ ಅವಳ ತಲೆ ತಿನ್ನುತ್ತಿದ್ದ ಪ್ರಶ್ನೆ ಅದು. ಮಗಳು ಹೇಳಿದಳು. ನನಗೆ ಅರ್ಥವಾಯಿತು, ತಿರುಗಿ ಹಲ್ಲತ್ತೆಯ ಕೆನ್ನೆ ನೋಡಿದೆ. ಹಲ್ಲತ್ತೆ ನನ್ನ ಕೈ ಜಗ್ಗಿದಳು.

"ಏನಂದಳು? ಯಾರದ್ದಂತೆ?"

"ನಿಂದು," ಎಂದೆ.

"ಆಂ?"

"ನಿಂದು ಕಣೇ. ಕೆಳಗಡೆ ಎಡಕ್ಕೆ. ಚಳಿಗಾಲದಲ್ಲಿ ಅಳತೆ ತೆಗೆಯೋದು ಕಲಿಸು ಅಂತ ನಿನ್ನ ಬಾಯಿದೇ ಮೂರು ಸಲ ತೆಗೆದಳಲ್ಲ. ಎರಡನ್ನ ನೀನು ಎಸೆದೆ. ಮೂರನೇದಕ್ಕೆ ಪ್ಲಾಸ್ಟರ್ ಸುರಿದು ಇಟ್ಟುಕೊಂಡಿದ್ದಳಂತೆ. ಆ ಗೀರು ತಂತಿ ಕಚ್ಚಿ ಕಚ್ಚಿ ಬಿದ್ದದ್ದಂತೆ. ನನ್ನತ್ತೆ ಊರಿನವರ ಹಲ್ಲನ್ನೆಲ್ಲ ಕಾಪಾಡಿ ತನ್ನ ಹಲ್ಲು ಸವೆಸಿಕೊಂಡಿದಾಳೆ ಅಂತ ಹೇಳ್ತಿದಾಳೆ."

ಹಲ್ಲತ್ತೆ ಬಾಯಿಂದ ತಂತಿಯನ್ನು ಮೆಲ್ಲಗೆ ತೆಗೆದು ಮೇಜಿನ ಮೇಲಿಟ್ಟಳು. ನಾಲಿಗೆಯಿಂದ ಆ ಹಲ್ಲನ್ನು ತಡವಿದ್ದು ಕೆನ್ನೆಯ ಹೊರಗಿನಿಂದಲೇ ನನಗೆ ಕಂಡಿತು. ಕಣ್ಣಲ್ಲಿ ನೀರು ತುಂಬಿತ್ತು. ನನಗೂ ಅಷ್ಟೇ. ಬೆಳಿಗ್ಗೆ ಆರೂವರೆಗೆ ಇಬ್ಬರು ದೊಡ್ಡ ಹೆಂಗಸರು ಮೂಲೆಯಲ್ಲಿ ಕೂತು ಮೂಗು ಒರೆಸಿಕೊಂಡೆವು. ಪರದೆಯ ಮೇಲಿನ ಮೇಡಂ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ತುಂಬ ಹೊತ್ತು ನೋಡುತ್ತಿದ್ದರು.

ಸಂದರ್ಶನ ಮುಗಿದ ಮೇಲೆ ಮಗಳು ತಿರುಗಿ, "ಬೇಜಾರಾಯ್ತಾ ಅತ್ತೆ?" ಎಂದಳು.

"ಕನ್ನಡಿ ಕೊಡು," ಎಂದಳು ಹಲ್ಲತ್ತೆ. ಡಾಕ್ಟರುಗಳು ಬಾಯೊಳಗೆ ಹಾಕುವ ಸಣ್ಣ ಕನ್ನಡಿ ಹಿಡಿದು, ಇನ್ನೊಂದು ಕನ್ನಡಿಯೆದುರು ನಿಂತು, ಬಾಯಿ ಇಷ್ಟಗಲ ತೆರೆದು, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ತನ್ನ ಹಲ್ಲು ನೋಡಿಕೊಂಡಳು. ಪಕ್ಕದಲ್ಲಿ ಮೇಣದ ಹಲ್ಲು ಇಟ್ಟುಕೊಂಡು ಗೀರಿಗೆ ಗೀರು, ಬಿರುಕಿಗೆ ಬಿರುಕು ಹೋಲಿಸಿದಳು. ಬಾಯಿ ಮುಚ್ಚಿ ಕೆಲಸಕ್ಕೆ ಕೂತಳು.

ಮೂರು ವಾರಕ್ಕೆ ಸೀಟು ಸಿಕ್ಕಿದೆ ಎಂದು ಪತ್ರ ಬಂತು. ಆ ವರ್ಷ ಅವರು ಹೊರದೇಶದಿಂದ ತೆಗೆದುಕೊಂಡ ಇಬ್ಬರಲ್ಲಿ ನಮ್ಮವಳೂ ಒಬ್ಬಳು. ಮನೆಯೆಲ್ಲ ಗದ್ದಲ. ನನ್ನ ಗಂಡ ಅಂತೂ ಬೀದಿಯಲ್ಲಿ ಸಿಕ್ಕಸಿಕ್ಕವರನ್ನು ನಿಲ್ಲಿಸಿ ಹೇಳಿದ್ದೇ ಹೇಳಿದ್ದು. ಪಟ್ಟಿಯನ್ನು ಹನ್ನೊಂದಕ್ಕೆ ಇಳಿಸಿದವಳು ನಾನು ಎಂದು ನಾನೂ ನಾಲ್ಕು ಸಲ ನೆನಪಿಸಿದೆ. ಹಲ್ಲತ್ತೆ ನಕ್ಕಳು, ಆದರೆ ಬರಬರುತ್ತಾ ಮಂಕಾದಳು. ಕೇಳಿದರೆ ಏನಿಲ್ಲ ಎಂದಳು. ಕೊನೆಗೊಂದು ಸಂಜೆ ಪ್ಲಾಸ್ಟರ್ ಕಲಸುತ್ತಾ ಹೇಳಿದಳು.

"ಡಾಕ್ಟರುಗಳು ಯಾರೂ ಈ ಕೋಣೆ ಒಳಗೆ ಬರಲ್ಲ ಅತ್ತಿಗೆ. ಡಬ್ಬಿ ಕಳಿಸ್ತಾರೆ ಅಷ್ಟೇ. ಮುದಿ ಡಾಕ್ಟರು ಕೂಡ ಒಂದು ದಿನ ಬಂದಿಲ್ಲ. ಇನ್ನು ನಾಲ್ಕು ವರ್ಷಕ್ಕೆ ನಮ್ಮ ಪುಟ್ಟಿದೂ ಒಂದು ಡಬ್ಬಿ ಬರುತ್ತೆ."

ಮಗಳು ಬಾಗಿಲಲ್ಲೇ ಇದ್ದಳು. ಕೇಳಿಸಿಕೊಂಡಳು. ಒಳಗೆ ಬಂದು ತನ್ನ ಸ್ಟೂಲು ಎಳೆದುಕೊಂಡಳು. ಎಲ್ಲಿಂದಲೋ ಒಂದು ಡಬ್ಬಿ ತೆಗೆದು ಅತ್ತೆಯ ಮುಂದಿಟ್ಟಳು. ಒಳಗಿದ್ದದ್ದು ಆ ಮೂರನೆಯ ಅಳತೆಯ ಪ್ಲಾಸ್ಟರ್ ಬಾಯಿ. ಬುಡದಲ್ಲಿ ಅವಳ ಅಕ್ಷರದಲ್ಲಿ "ಅತ್ತೆ" ಎಂದು ಬರೆದಿತ್ತು.

"ನನ್ನ ಮೊದಲನೇ ಡಬ್ಬಿ," ಎಂದಳು. "ತಂದವಳು ನಾನೇ. ಮುಂದೆಯೂ ನಾನೇ ತರ್ತೀನಿ. ಅಳತೆ ನೋಡಿ ಹೇಳು, ಬಾಯಿಯೋ ಗುಹೆಯೋ?"

ಹಲ್ಲತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಡಿಯಿಂದ ನೋಡಿದಳು, ಅಂಚಿನಲ್ಲಿ ಉಗುರು ಎಳೆದು ನೋಡಿದಳು. ಆಮೇಲೆ ದರ್ಜಿಗೂ ಮೂಲೆಮನೆ ಅಜ್ಜಿಗೂ ನಡುವೆ ಜಾಗ ಮಾಡಿ ಅದನ್ನು ಹಲಗೆಯ ಮೇಲಿಟ್ಟಳು. ಖಾಲಿ ಡಬ್ಬಿ ಮೇಜಿನ ಮೇಲೇ ಇತ್ತು. ಚೀಟಿ ಪುಸ್ತಕ ತೆಗೆದು, ಪೆನ್ಸಿಲಿನ ತುದಿ ನಾಲಿಗೆಗೆ ಮುಟ್ಟಿಸಿ, ಏನೋ ಬರೆದು ಹರಿದು ಡಬ್ಬಿಯೊಳಗೆ ಹಾಕಿ, ಮುಚ್ಚಳ ಮುಚ್ಚಿ ಮಗಳ ಕಡೆ ತಳ್ಳಿದಳು.

ಮಗಳು ಹೊರಡುವ ದಿನ ಅವಳ ಪೆಟ್ಟಿಗೆ ಕಟ್ಟಿದವಳು ನಾನು. ಆ ಡಬ್ಬಿ ಬಟ್ಟೆಗಳ ನಡುವೆ ಇತ್ತು. ತೆರೆಯಬಾರದಿತ್ತು, ತೆರೆದೆ. ಚೀಟಿಯಲ್ಲಿ ಎರಡೇ ಪದ ಇದ್ದವು: "ಅಳತೆ ಸರಿಯಾಗಿದೆ."